ರಾಂಗೆಲನ ಅರವತ್ತು ಮುಖ

ಇಡೀ ಬಲ್ಗೇರಿಯಾದಲ್ಲಿ ಕಾಗದವನ್ನು ನನ್ನಷ್ಟು ಬಲ್ಲವನು ಇನ್ನೊಬ್ಬನಿಲ್ಲ. ಕಣ್ಣು ಮುಚ್ಚಿಕೊಂಡು ಒಂದು ಹಾಳೆಯನ್ನು ಕಿವಿಯ ಹತ್ತಿರ ಅಲ್ಲಾಡಿಸಿದರೆ ಸಾಕು, ಅದರ ತೂಕ ಎಷ್ಟು, ಅದು ಹುಟ್ಟಿದ ಕಾರ್ಖಾನೆ ಯಾವುದು, ಆ ದಿನ ಅಲ್ಲಿ ಮಳೆ ಬರುತ್ತಿತ್ತೋ ಇಲ್ಲವೋ ಎಲ್ಲ ಹೇಳಿಬಿಡುತ್ತೇನೆ. ನನ್ನ ಹೆಂಡತಿ ದೆನಾ ಇದನ್ನು ಒಪ್ಪುವುದಿಲ್ಲ. ಅವಳು ನನ್ನ ಎತ್ತರವನ್ನೂ ಒಪ್ಪುವುದಿಲ್ಲ, ಆದ್ದರಿಂದ ಅವಳ ಮಾತು ಬಿಡಿ.

ನಮ್ಮ ಸ್ತಾರಿ ಬ್ರೋದ್ ಊರಿನಲ್ಲಿ ಕಣ್ಣಿಗೆ ಬೀಳುವ ಬೋರ್ಡುಗಳೆಲ್ಲ ನನ್ನವೇ. ಔಷಧಿ ಅಂಗಡಿಯದು, ಕ್ಷೌರದಂಗಡಿಯದು, ಪಂಕ್ಚರ್ ಹಾಕುವವನದು. ಆದರೆ ನಾನು ಹೆಸರು ಮಾಡಿರುವುದು ಸತ್ತವರಿಂದ. ನಮ್ಮಲ್ಲಿ ಯಾರಾದರೂ ತೀರಿಕೊಂಡರೆ ಅವರ ಫೋಟೋ, ಹೆಸರು, ವಯಸ್ಸು, ಅದರ ಕೆಳಗೆ ನಾಲ್ಕು ಸಾಲಿನ ದುಃಖ, ಇಷ್ಟನ್ನು ಒಂದು ಹಾಳೆಯ ಮೇಲೆ ಅಚ್ಚು ಹಾಕಿಸಿ ಮನೆಯ ಬಾಗಿಲಿಗೆ, ಬಸ್ ನಿಲ್ದಾಣಕ್ಕೆ, ಲೈಟು ಕಂಬಕ್ಕೆ, ಚರ್ಚಿನ ಗೇಟಿಗೆ, ಅವರು ದುಡಿಯುತ್ತಿದ್ದ ಜಾಗಕ್ಕೆ ಅಂಟಿಸುತ್ತಾರೆ. ಮಣ್ಣು ಮಾಡುವ ದಿನಕ್ಕೊಮ್ಮೆ, ನಲವತ್ತನೇ ದಿನಕ್ಕೊಮ್ಮೆ, ಆರು ತಿಂಗಳಿಗೆ, ವರ್ಷಕ್ಕೆ. ಊರಿನ ಜನಸಂಖ್ಯೆ ಒಂಬತ್ತು ಸಾವಿರ. ನಾನು ಅಚ್ಚು ಹಾಕಿದ ಸತ್ತವರು ಇಪ್ಪತ್ತು ಸಾವಿರ. ಅದು ಹೇಗೆ ಕೂಡಿತು ಎಂದು ಕೇಳಬೇಡಿ. ನನ್ನ ಕೆಲಸದ ಅಂದ ನೋಡಿ ಕೆಲವರು ಆಸೆಪಟ್ಟು ಸತ್ತಿರಬೇಕು.

ಈ ಹಾಳೆಗಳಿಗೆ ಒಂದು ಕಟ್ಟಳೆ ಇದೆ. ಅಂಟಿಸುವುದಕ್ಕೆ ಕೈ ಬೇಕು, ತೆಗೆಯುವುದಕ್ಕೆ ಕೈ ಕೂಡದು. ಗಾಳಿ ಮಳೆಗಳೇ ತೆಗೆದುಕೊಂಡು ಹೋಗಬೇಕು. ಎರಡು ವಾರಕ್ಕೆ ಅಂಚು ಏಳುತ್ತದೆ, ನಾಲ್ಕು ವಾರಕ್ಕೆ ಅರ್ಧ ಮುಖ ಹೋಗುತ್ತದೆ, ಆಮೇಲೊಂದು ಬೆಳಿಗ್ಗೆ ನೋಡಿದರೆ ಕಂಬ ಖಾಲಿ. ಬದುಕಿರುವವನ ಕೈ ಅದನ್ನು ಕಿತ್ತರೆ ಸತ್ತವನನ್ನು ಇನ್ನೊಮ್ಮೆ ಮನೆಯಿಂದ ಆಚೆ ನೂಕಿದ ಹಾಗೆ ಎನ್ನುತ್ತಾರೆ ನಮ್ಮ ಮುದುಕಿಯರು. ನಾನು ಪೊಲೀಸರಿಗೆ ಹೆದರಿದವನಲ್ಲ, ಒಮ್ಮೆ ಬೆಟ್ಟದಲ್ಲಿ ಕರಡಿಯೇ ನನ್ನನ್ನು ನೋಡಿ ದಾರಿ ಬಿಟ್ಟಿದೆ. ಆದರೂ ಮಾಸಿದ ಹಾಳೆಯೊಂದನ್ನು ಕಂಬದಿಂದ ಕೀಳುವ ಧೈರ್ಯ ನನಗೂ ಇಲ್ಲ.

ಹೋದ ಜೂನ್ ತಿಂಗಳಲ್ಲಿ ರಾಂಗೆಲ್ ಅಣೆಕಟ್ಟಿನ ನೀರಿನಲ್ಲಿ ಮುಳುಗಿ ಸತ್ತ. ಐವತ್ತಮೂರು ವರ್ಷ, ಡೇರಿಯ ಹಾಲಿನ ಲಾರಿ ಓಡಿಸುತ್ತಿದ್ದವನು. ಭಾನುವಾರ ಒಬ್ಬನೇ ಮೀನು ಹಿಡಿಯಲು ಹೋದ. ದೋಣಿ ಮಾತ್ರ ದಡಕ್ಕೆ ಬಂತು. ಅವನು ಸಿಕ್ಕಿದ್ದು ಮೂರನೇ ದಿನ. ಗುರುತು ಹಿಡಿಯಲು ಅವನ ಹೆಂಡತಿ ನೆದ್ಯಾಲ್ಕಾಳನ್ನು ಜಿಲ್ಲಾಸ್ಪತ್ರೆಗೆ ಕರೆಸಿದ್ದರು. ಅವಳು ಅಲ್ಲಿಂದ ಮನೆಗೂ ಹೋಗದೆ ನೇರವಾಗಿ ನನ್ನ ಅಂಗಡಿಗೆ ಬಂದಳು. ಬ್ರೆಡ್ಡು ಸುಡುವ ಬೇಕರಿಯಲ್ಲಿ ಇಪ್ಪತ್ತು ವರ್ಷ ದುಡಿದ ಗಟ್ಟಿ ಹೆಂಗಸು. ಅವತ್ತು ಕುರ್ಚಿಯ ಬೆನ್ನು ಹಿಡಿದುಕೊಂಡು ನಿಂತಿದ್ದಳು, ಕೂರಲಿಲ್ಲ.

ಮೇಜಿನ ಮೇಲೆ ಒಂದು ಫೋಟೋ ಇಟ್ಟಳು. ರಾಂಗೆಲ್ ಚೆರ್ರಿ ಮರಕ್ಕೆ ಒರಗಿಸಿದ ಏಣಿಯ ಮೇಲೆ ನಿಂತು ಕೆಳಗೆ ಯಾರನ್ನೋ ನೋಡಿ ನಗುತ್ತಿದ್ದ. ಗಾಳಿಗೂ ಮನೆಯಲ್ಲಿ ಭಟ್ಟಿ ಇಳಿಸಿದ ರಕಿಯಾ ಸಾರಾಯಿಗೂ ಪಳಗಿದ ಕೆಂಪು ಕೆನ್ನೆ.

"ಮೇಸ್ತ್ರಿ, ನಾಳೆ ಮಧ್ಯಾಹ್ನ ಮಣ್ಣು. ನನಗೆ ಕಪ್ಪು-ಬಿಳುಪು ಬೇಡ."

"ಎಲ್ಲರದ್ದೂ ಕಪ್ಪು-ಬಿಳುಪೇ ಮಾಡೋದಲ್ವೇನಮ್ಮಾ."

"ಗೊತ್ತು. ನನಗೆ ಈ ಕೆನ್ನೆ ಬೇಕು. ಹೀಗೇ ಬೇಕು." ಬೆರಳನ್ನು ಫೋಟೋದ ಮೇಲಿಟ್ಟು ತೆಗೆಯಲೇ ಇಲ್ಲ. "ಅಲ್ಲಿ ಬಟ್ಟೆ ಸರಿಸಿ ತೋರ್ಸಿದ್ರು. ಮುಖ ನೀಲಿಗಟ್ಟಿತ್ತು ಮೇಸ್ತ್ರಿ. ಕಣ್ಣು ಮುಚ್ಚಿದ್ರೆ ಅದೇ ಬರುತ್ತೆ. ನೀವು ಇದನ್ನ ಊರ ತುಂಬ ಹಾಕಿ. ಎಲ್ಲಿ ತಿರುಗಿದ್ರೂ ನಂಗೆ ಇದೇ ಕಾಣ್ಬೇಕು. ನೋಡ್ತಾ ನೋಡ್ತಾ ಅದು ಅಳಿಸಿ ಹೋಗ್ಬೇಕು."

"ನೆದ್ಯಾಲ್ಕಾ," ಎಂದೆ ಎದೆ ಉಬ್ಬಿಸಿ, "ಅವನು ಹಾಳೆಯಿಂದ ಇಳಿದು ಬಂದು ಬೆಂಕಿಪೊಟ್ಟಣ ಕೇಳ್ಬೇಕು, ಹಂಗೆ ಮಾಡ್ಕೊಡ್ತೀನಿ."

ಅವಳು ಹೋದ ಮೇಲೆ ಕಪಾಟು ತೆಗೆದೆ. ಹೊರಗೆ ನಿಲ್ಲುವ ಕೆಲಸಕ್ಕೆ ಒಂದು ದಾರಿ, ಒಳಗೆ ನಿಲ್ಲುವ ಕೆಲಸಕ್ಕೆ ಇನ್ನೊಂದು. ಇದು ನಮ್ಮ ಕಸುಬಿನಲ್ಲಿ ಮೊದಲನೇ ದಿನ ಕಲಿಸುವ ಪಾಠ. ಬೀದಿಯಲ್ಲಿ ಬಣ್ಣ ನಿಲ್ಲಬೇಕಾದರೆ ವಿನೈಲ್ ಹಾಳೆ ಬೇಕು, ಅದಕ್ಕೆ ಕಚ್ಚುವ ಖಾರವಾದ ಶಾಯಿ ಬೇಕು. ಆ ಯಂತ್ರ ಇರುವುದು ಜಿಲ್ಲಾ ಪಟ್ಟಣದಲ್ಲಿ, ಎರಡು ದಿನ ಹಿಡಿಯುತ್ತದೆ. ನನ್ನ ಹತ್ತಿರವಿದ್ದದ್ದು ಮೂರು ತಿಂಗಳ ಹಿಂದೆ ತಂದ ಹೊಸ ಯಂತ್ರ. ಅದರಲ್ಲಿ ನೀರಿನ ಶಾಯಿ, ಜೊತೆಗೆ ಕನ್ನಡಿಯಂತೆ ಹೊಳೆಯುವ ಫೋಟೋ ಕಾಗದ. ಮದುವೆ ಆಲ್ಬಮ್ಮಿಗೆ, ಮನೆಯೊಳಗಿನ ಗೋಡೆಗೆ ಹೇಳಿ ಮಾಡಿಸಿದ್ದು. ಅದರಲ್ಲಿ ಬರುವ ಕೆಂಪನ್ನು ನೀವು ನೋಡಬೇಕು. ಅದನ್ನು ನೋಡಿ ನಮ್ಮ ತೋಟದ ಟೊಮ್ಯಾಟೊ ನಾಚಿ ಮತ್ತೆ ಹಸಿರಾದದ್ದಿದೆ.

ಮೊದಲನೇ ಹಾಳೆ ಹೊರಬಂದಾಗ ದೆನಾ ಇಣುಕಿ ನೋಡಿದಳು.

"ಇದು ಮನೆ ಒಳಗಿನ ಕಾಗದ ಅಲ್ವಾ?"

"ಹೌದು. ಏನೀಗ?"

"ಹೊರಗೆ ಹಾಕ್ತಿದೀಯ. ಜೂನ್ ತಿಂಗಳು. ಬಿಸಿಲು."

"ಮಳೆ ಬಿದ್ರೆ ಶಾಯಿ ಇಳಿಯುತ್ತೆ, ನಿಜ. ಅದಕ್ಕೇ ಲ್ಯಾಮಿನೇಷನ್ ಮಾಡ್ತೀನಿ. ನಾಲ್ಕೂ ಅಂಚು ಮುಚ್ಚಿ, ಅಂಚಿನ ಪ್ಲಾಸ್ಟಿಕ್ಕಿಗೆ ಮಾತ್ರ ಮೊಳೆ. ಸಮುದ್ರದೊಳಗೆ ಹಾಕಿದ್ರೂ ಒಂದು ತೊಟ್ಟು ನೀರು ಹೋಗಲ್ಲ."

"ನಾನು ಕೇಳಿದ್ದು ಬಿಸಿಲು."

"ಬಿಸಿಲು ನನ್ನ ಕೇಳದೆ ಈ ಊರಲ್ಲಿ ಏನೂ ಮಾಡಲ್ಲ ಕಣೇ."

"ನಿನ್ನ ಬಾಯಿಗೆ ಲ್ಯಾಮಿನೇಷನ್ ಮಾಡಿದ್ರೆ ಊರು ಉದ್ಧಾರ ಆಗ್ತಿತ್ತು," ಎಂದು ಅವಳು ಒಳಗೆ ಹೋದಳು.

ಒಂದು ವಿಷಯವನ್ನು ದೆನಾಳಿಗೂ ಹೇಳಲಿಲ್ಲ. ಫೋಟೋದಲ್ಲಿದ್ದ ಕೆಂಪು ನನಗೆ ಸಾಲದೆನಿಸಿತು. ಕೆನ್ನೆಗಳಿಗೆ ಇನ್ನೊಂದು ಹಿಡಿ ಕೆಂಪು ನಾನೇ ಸೇರಿಸಿದೆ.

ಅರವತ್ತು ಹಾಳೆ. ಎಲ್ಲವನ್ನೂ ನಾನೇ ಸೈಕಲ್ಲಿನ ಮೇಲೆ ಹೊತ್ತುಕೊಂಡು ಹೋಗಿ ಹೊಡೆದೆ. ಮರುದಿನ ಶವದ ಹಿಂದೆ ನಡೆದವರೆಲ್ಲ ಕಂಬ ಕಂಬದ ಹತ್ತಿರ ನಿಂತು ನೋಡಿದರು. ಅರವತ್ತು ಕಡೆ ರಾಂಗೆಲ್ ಏಣಿಯ ಮೇಲಿಂದ ನಗುತ್ತಿದ್ದ. ಪಾದ್ರಿಯೇ ಮಂತ್ರ ಮರೆತರು ಎಂದು ನಾನು ಹೇಳಿಕೊಂಡು ತಿರುಗಿದೆ. ಅವರು ಮರೆತದ್ದು ವಯಸ್ಸಿನಿಂದ ಇದ್ದೀತು. ನೆದ್ಯಾಲ್ಕಾ ಚರ್ಚಿನ ಗೇಟಿನಲ್ಲಿ ಒಂದು ಗಳಿಗೆ ನಿಂತು, ಹಾಳೆಯ ಮೇಲಿನ ಕೆನ್ನೆಯನ್ನು ಅಂಗೈಯಿಂದ ಮುಟ್ಟಿ, ನನ್ನ ಕಡೆ ನೋಡಿ ತಲೆಯಾಡಿಸಿದಳು. ಆ ಒಂದು ತಲೆಯಾಟಕ್ಕೆ ನಾನು ಒಂದು ವಾರ ನೆಲ ಮುಟ್ಟದೆ ನಡೆದೆ.

ಮಳೆ ಬರಲಿಲ್ಲ. ಜುಲೈ ಬಂತು. ನಮ್ಮಲ್ಲಿ ಜುಲೈ ಬಿಸಿಲು ಎಂದರೆ ಕೋಳಿ ಬೇಯಿಸಿದ ಮೊಟ್ಟೆಯನ್ನೇ ಇಡುತ್ತದೆ. ನಾನು ಬಿಸಿಲಿಗೆ ಹೆದರಿ ಅಂಗಡಿಯೊಳಗೇ ಇದ್ದೆ. ಒಂದು ಮಧ್ಯಾಹ್ನ ದೆನಾ ಪೇಟೆಯಿಂದ ಬಂದು ಕೈಚೀಲ ಇಳಿಸಿ, ತಮಾಷೆಯಿಲ್ಲದ ದನಿಯಲ್ಲಿ ಹೇಳಿದಳು:

"ಹೋಗಿ ಬಸ್ ಸ್ಟಾಪ್ ನೋಡ್ಕೊಂಡು ಬಾ."

"ಯಾಕೆ, ಮೊಳೆ ಬಿಟ್ಕೊಂತಾ?"

"ಹೋಗಿ ನೋಡು ಅಂದೆ."

ಬಸ್ ನಿಲ್ದಾಣದ ತಗಡಿನ ಗೋಡೆ ದಕ್ಷಿಣಕ್ಕೆ ಮುಖ ಮಾಡಿದೆ. ಬೆಳಗಿನಿಂದ ಸಂಜೆಯವರೆಗೆ ಅಲ್ಲಿ ಬಿಸಿಲು. ಬಿಸಿಲು ಮೊದಲು ತಿನ್ನುವುದು ಕೆಂಪನ್ನು, ಅದರ ಹಿಂದೆಯೇ ಹಳದಿಯನ್ನು. ನೀಲಿ ಮಾತ್ರ ಹಟಮಾರಿ, ಕೊನೆಗೂ ಉಳಿಯುತ್ತದೆ. ಇದನ್ನೂ ನಮ್ಮ ಕಸುಬಿನಲ್ಲಿ ಎಲ್ಲರೂ ಬಲ್ಲರು. ತಗಡಿನ ಮೇಲೆ ರಾಂಗೆಲ್ ನಗುತ್ತಲೇ ಇದ್ದ. ಹಣೆ, ಕೆನ್ನೆ, ತುಟಿ ಎಲ್ಲ ನೀಲಿ. ಲ್ಯಾಮಿನೇಷನ್ನಿನ ಹೊಳಪಿನ ಕೆಳಗೆ ಆ ಮುಖ ನೀರಿನೊಳಗಿಂದ ನೋಡಿದ ಹಾಗೆ ಕಾಣುತ್ತಿತ್ತು.

ನಾನು ಅಲ್ಲಿ ಎಷ್ಟು ಹೊತ್ತು ನಿಂತೆನೋ. ಆಮೇಲೆ ಲೈಟು ಕಂಬಗಳನ್ನು ನೋಡುತ್ತ ಹೋದೆ. ನೀಲಿ. ಅಂಚೆ ಕಚೇರಿ, ನೀಲಿ. ಡೇರಿಯ ಗೇಟು, ನೀಲಿ. ಎರಡು ವಾರಕ್ಕೆ ಏಳಬೇಕಾಗಿದ್ದ ಅಂಚುಗಳು ಒಂದೂ ಎದ್ದಿರಲಿಲ್ಲ. ಅಷ್ಟು ಚೆನ್ನಾಗಿ ಮುಚ್ಚಿದ್ದೆ.

ಒಂದೇ ಸಮಾಧಾನವಿತ್ತು: ನೆದ್ಯಾಲ್ಕಾ ಇವನ್ನು ನೋಡಿರಲಿಲ್ಲ. ಅವಳು ರಜೆ ಹಾಕಿ ಮನೆಯೊಳಗೇ ಇದ್ದಳು, ಅವಳ ಗೇಟಿನ ಹಾಳೆ ದ್ರಾಕ್ಷಿ ಚಪ್ಪರದ ನೆರಳಿನಲ್ಲಿ ಇನ್ನೂ ಕೆಂಪಾಗಿತ್ತು. ಏನಾದರೂ ಮಾಡೋಣ ಎಂದುಕೊಂಡು ಮನೆಗೆ ಬಂದೆ. ಏನು ಮಾಡುವುದು ಎಂದು ಒಂದು ದಿನ ಯೋಚಿಸಿದೆ. ಅಷ್ಟರಲ್ಲಿ ಅವಳು ಕೆಲಸಕ್ಕೆ ಹೊರಟುಬಿಟ್ಟಿದ್ದಳು.

ರಾಂಗೆಲ್ ಸತ್ತ ಇಪ್ಪತ್ತೊಂಬತ್ತನೇ ದಿನ. ಮನೆಯಿಂದ ಬೇಕರಿಗೆ ಹೋಗುವ ದಾರಿಯಲ್ಲಿ ಹನ್ನೊಂದು ಹಾಳೆ. ಅವಳು ಅವತ್ತು ಬೇಕರಿಯ ಒಳಗೆ ಕಾಲಿಡಲಿಲ್ಲ. ನಾನು ಆ ದಾರಿಗೆ ಬಂದಾಗ ಮೊದಲನೇ ಕಂಬಕ್ಕೆ ಒಂದು ಕಪ್ಪು ತಲೆವಸ್ತ್ರ ಸುತ್ತಿ, ಹಿಂದೆ ಬಿಗಿಯಾಗಿ ಗಂಟು ಹಾಕಿತ್ತು. ಎರಡನೆಯದಕ್ಕೆ ಹೂವಿನ ಅಂಚಿನ ವಸ್ತ್ರ. ಮೂರನೆಯದಕ್ಕೆ ಅಡುಗೆಮನೆಯ ಟವೆಲ್. ಮುಂದಿನವಕ್ಕೆ ದಿಂಬಿನ ಚೀಲ, ಅಂಗಿಯ ತೋಳು, ಬೇಕರಿಯ ಬಿಳಿ ಏಪ್ರನ್. ಹನ್ನೊಂದು ಕಡೆ ಹನ್ನೊಂದು ಬಟ್ಟೆ. ಜನ ದೂರ ನಿಂತು ನೋಡುತ್ತಿದ್ದರು. ಅವಳು ಒಂದನ್ನೂ ಕಿತ್ತಿರಲಿಲ್ಲ.

ಅವಳ ಮನೆಗೆ ಹೋದೆ. ನನ್ನ ಮಾತಿನ ಸಂಚಿಯನ್ನು ದಾರಿಯಲ್ಲೇ ಎಲ್ಲೋ ಕಳೆದುಕೊಂಡಿದ್ದೆ. ಅಂಗಳದ ಮೇಜಿನ ಹತ್ತಿರ ನೆದ್ಯಾಲ್ಕಾ ಬರಿತಲೆಯಲ್ಲಿ ಕುಳಿತಿದ್ದಳು. ಪಕ್ಕದಲ್ಲಿ ರಾಂಗೆಲನ ಅಕ್ಕ ಗೀನಾ, ಎಪ್ಪತ್ತು ದಾಟಿದ ಮುದುಕಿ, ಬೀನ್ಸ್ ಸುಲಿಯುತ್ತಿದ್ದಳು.

"ಮತ್ತೆ ನೀರಿಗೆ ಹಾಕಿಬಿಟ್ರಲ್ಲ ಮೇಸ್ತ್ರಿ," ಎಂದಳು ನೆದ್ಯಾಲ್ಕಾ. ಬೈಯುವ ದನಿಯಲ್ಲ. "ಅಲ್ಲಿ ಒಂದ್ಸಲ ನೋಡಿದ್ದೆ. ಇಲ್ಲಿ ಹನ್ನೊಂದು ಸಲ."

"ತಪ್ಪು ನಂದೇ. ಒಳಗಿನ ಕಾಗದನ ಹೊರಗೆ ಹಾಕಿದೆ. ಚೆನ್ನಾಗಿ ಕಾಣ್ಲಿ ಅಂತ. ನನಗೆ ಗೊತ್ತಿತ್ತು."

ಇಷ್ಟು ಚಿಕ್ಕ ಮಾತನ್ನು ನಾನು ಜೀವನದಲ್ಲಿ ಆಡಿರಲಿಲ್ಲ.

"ಇವತ್ತೇ ಎಲ್ಲಾನೂ ಕಿತ್ತುಬಿಡ್ತೀನಿ," ಎಂದೆ.

ಗೀನಾ ಬೀನ್ಸಿನ ಬಟ್ಟಲನ್ನು ಕೆಳಗಿಟ್ಟಳು. "ಏನಂದೆ?"

"ಕೀಳ್ತೀನಿ ಅಕ್ಕಾ. ಅರವತ್ತೂ."

"ನಮ್ಮಪ್ಪನ ಹಾಳೆ ಗಾಳಿ ತಗೊಂಡು ಹೋಯ್ತು. ನಮ್ಮಮ್ಮಂದು ಹಿಮ ತಗೊಂಡು ಹೋಯ್ತು. ನನ್ನ ತಮ್ಮನ್ನ ಮಾತ್ರ ನೀನು ಕಿತ್ತು ಕಸದ ಬುಟ್ಟಿಗೆ ಹಾಕ್ತೀಯಾ? ಕೈ ಮುರಿತೀನಿ."

"ಹಾಗಾದ್ರೆ ನಲವತ್ತನೇ ದಿನಕ್ಕೆ ಮೇಲೆ ಹೊಸದು ಅಂಟಿಸ್ತೀನಿ. ಅದಕ್ಕೆ ಅಡ್ಡಿ ಇಲ್ವಲ್ಲ."

"ಅಡ್ಡಿ ಇಲ್ಲ. ಆದ್ರೆ ಮೇಲಿನದು ಉದುರಿದ ಮೇಲೆ?"

ಮೇಲಿನದು ಉದುರಿದ ಮೇಲೆ ಕೆಳಗಿನದು ಮತ್ತೆ ನೀಲಿಯಾಗಿ ನಗುತ್ತದೆ. ನನಗೂ ಅದು ತೋಚಿತ್ತು.

"ವಿನೈಲ್ ಹಾಕಿದ್ರೆ ಉದುರೋದೇ ಇಲ್ಲ," ಎಂದೆ. ಹಳೆಯ ಚಟ ಬಾಯಿಗೆ ಬಂತು. "ಜಿಲ್ಲೆಯಿಂದ ಮಾಡಿಸ್ಕೊಂಡು ಬರ್ತೀನಿ. ಬಿಸಿಲಾಗ್ಲಿ, ಹಿಮ ಆಗ್ಲಿ, ಆಲಿಕಲ್ಲಾಗ್ಲಿ, ಏಳು ವರ್ಷ ಕೆನ್ನೆ ಕೆಂಪಾಗೇ ಇರುತ್ತೆ. ನಾನು ಮಾಡಿದ್ರೆ ಹದಿನಾಲ್ಕು."

ನೆದ್ಯಾಲ್ಕಾ ಮೊದಲ ಸಲ ತಲೆ ಎತ್ತಿ ನೋಡಿದಳು.

"ಏಳು ವರ್ಷ?"

"ಕಡಿಮೆ ಅಂದ್ರೆ."

"ಏಳು ವರ್ಷ ದಿನಾ ಬೇಕರಿಗೆ ಹೋಗ್ತಾ ಹನ್ನೊಂದು, ಬರ್ತಾ ಹನ್ನೊಂದು." ಬರಿತಲೆಯ ಮೇಲೆ ಕೈಯಾಡಿಸಿದಳು. "ಅವತ್ತು ಎಲ್ಲೆಲ್ಲೂ ಕಾಣ್ಬೇಕು ಅಂದಿದ್ದೆ. ಹುಚ್ಚಿ ನಾನು. ಊರಿಗೆ ಅವನ ಹೆಸರು ಗೊತ್ತಾದ್ರೆ ಸಾಕಿತ್ತು. ಕೆನ್ನೆ ಬೇಕಾಗಿದ್ದು ನನಗೆ ಒಬ್ಬಳಿಗೆ. ಬೀದಿಲಿ ಎಲ್ಲರ ಹಾಗೆ ಹಾಕಿ, ಸಾದಾ ಕಾಗದ, ಕಪ್ಪು. ಬಣ್ಣದ್ದು ಒಂದು ಮಾಡ್ಕೊಡಿ, ಮನೆ ಒಳಗೆ ಇಟ್ಕೋತೀನಿ. ಆದ್ರೆ ಆ ನೀಲಿದು ಕೆಳಗೆ ಇರೋವರ್ಗೂ ನಾನು ಆ ದಾರಿಲಿ ನಡೆಯಲ್ಲ ಮೇಸ್ತ್ರಿ. ಸಾಧ್ಯ ಇಲ್ಲ."

ಈಗ ಬರುವ ಉಪಾಯ ನನ್ನದೇ ಎಂದು ಊರಿಗೆಲ್ಲ ಹೇಳಿದ್ದೇನೆ. ನಿಜವಾಗಿ ಅದು ಗೀನಾಳದು.

"ಆ ಶಾಯಿ ನೀರಿಗೆ ನಿಲ್ಲುತ್ತಾ?" ಎಂದು ಕೇಳಿದಳು.

"ಒಂದು ಗಳಿಗೆ ನಿಲ್ಲಲ್ಲ. ಅದಕ್ಕೇ ತಾನೇ ಪ್ಲಾಸ್ಟಿಕ್ ಹಾಕಿದ್ದು."

"ಪ್ಲಾಸ್ಟಿಕ್ ಹಾಕಿದ್ದು ಯಾರು?"

"ನಾನೇ."

"ನೀನು ತೊಡಿಸಿದ್ದನ್ನ ನೀನು ಬಿಚ್ಚಬಹುದು. ಕಾಗದ ಮುಟ್ಟಬೇಡ. ಮುಂದಿನ ಪ್ಲಾಸ್ಟಿಕ್ ಮಾತ್ರ ತೆಗಿ. ಉಳಿದಿದ್ದು ಮಳೆ ನೋಡ್ಕೊಳುತ್ತೆ."

ಹೇಳಿಬಿಟ್ಟು ಅವಳೇ ಬೆಚ್ಚಿದಳು. ನೀರು ತಾನೇ ಅವನನ್ನು ತೆಗೆದುಕೊಂಡು ಹೋದದ್ದು. ಇಬ್ಬರೂ ನೆದ್ಯಾಲ್ಕಾಳ ಕಡೆ ನೋಡಿದೆವು. ಅವಳು ಬಟ್ಟಲಿನಿಂದ ಒಂದು ಬೀನ್ಸ್ ತೆಗೆದು, ಸುಲಿದು, ಕಾಳುಗಳನ್ನು ಒಂದೊಂದಾಗಿ ಮೇಜಿನ ಮೇಲಿಟ್ಟಳು.

"ಮಾಡಿ," ಎಂದಳು. "ಆದ್ರೆ ಆ ಹನ್ನೊಂದರ ಬಟ್ಟೆ ಹಾಗೇ ಕಟ್ಟಿಡಿ. ಮಳೆ ಬಂದಾಗ ನಾನೇ ಬಿಚ್ತೀನಿ."

ಮೂವತ್ತೊಂದನೇ ದಿನ ತೆಳ್ಳನೆಯ ಬ್ಲೇಡು ಹಿಡಿದು ಹೊರಟೆ. ಬಿಸಿಲಿಗೆ ಅಂಟು ಸಡಿಲವಾಗಿತ್ತು. ನಾಲ್ಕೂ ಅಂಚು ಕೊಯ್ದರೆ ಮುಂಭಾಗದ ಪ್ಲಾಸ್ಟಿಕ್ ಹಾವಿನ ಪೊರೆಯಂತೆ ಬಿಟ್ಟು ಬಂತು. ಬಟ್ಟೆ ಕಟ್ಟಿದ ಕಡೆ ಕೆಳಗಿನಿಂದ ಕೈ ತೂರಿಸಿ, ನೋಡದೆ ಕೊಯ್ದೆ. ಅರವತ್ತು ಕಡೆಯೂ ಕಾಗದಕ್ಕೆ ನನ್ನ ಉಗುರು ಸೋಕಲಿಲ್ಲ. ಇದನ್ನು ಯಾವ ಚರ್ಚಿನಲ್ಲಿ ಬೇಕಾದರೂ ಹೇಳುತ್ತೇನೆ.

ಆಮೇಲೆ ಮಳೆಗೆ ಕಾದೆವು. ಮಳೆ ಎಲ್ಲಿ? ಬೆಟ್ಟದ ಆಚೆ ಗುಡುಗಿತು, ಆಚೆಯೇ ಸುರಿಯಿತು. ಮೂವತ್ತೈದನೇ ದಿನ ನನ್ನ ತಾಳ್ಮೆ ಮುಗಿಯಿತು. ಬೆಳಕು ಹರಿಯುತ್ತಲೇ ದ್ರಾಕ್ಷಿಗೆ ಔಷಧಿ ಹೊಡೆಯುವ ಪಂಪಿನ ತುಂಬ ಬಾವಿ ನೀರು ತುಂಬಿ ಬೆನ್ನಿಗೆ ಏರಿಸಿಕೊಂಡು ಅಂಚೆ ಕಚೇರಿಯ ಮುಂದೆ ನಿಂತೆ. ಪಂಪಿಗೆ ಎರಡು ಸಲ ಒತ್ತು ಕೊಟ್ಟಿರಬೇಕು.

"ಯಾವ ದ್ರಾಕ್ಷಿ ಅಪ್ಪಾ ಅದು, ಅಂಚೆ ಕಚೇರಿ ಗೋಡೆ ಮೇಲೆ ಬೆಳೆದಿರೋದು?"

ಗೀನಾ. ಆ ಮುದುಕಿ ನಿದ್ದೆಯನ್ನೇ ಮಾಡುವುದಿಲ್ಲ.

"ಅಕ್ಕಾ, ಇನ್ನು ಐದೇ ದಿನ ಇರೋದು..."

"ಕೈ ನಿಂದು, ನೀರು ನಿಂದು, ಪಂಪ್ ನಿಂದು. ಇದಕ್ಕೂ ಕೀಳೋದಕ್ಕೂ ಏನೋ ವ್ಯತ್ಯಾಸ? ದೇವರು ಅನ್ನೋನು ಹೊಸದಾಗಿ ಕೆಲಸಕ್ಕೆ ಸೇರಿದಾನೆ, ನೀನು ಹೇಳ್ಕೊಡ್ಬೇಕು ಅಂದ್ಕೊಂಡಿದೀಯಾ? ನಡಿ ಮನೆಗೆ."

ನಡೆದೆ. ಪಂಪು ಸೋರುತ್ತಿತ್ತು, ಬೆನ್ನಿನಿಂದ ಕಾಲಿನವರೆಗೆ ಒದ್ದೆ. ದೆನಾ ಬಾಗಿಲಲ್ಲಿ ನೋಡಿ, "ನಿನ್ನ ಮೇಲಾದ್ರೂ ಮಳೆ ಬಂತಲ್ಲ," ಎಂದಳು.

ಮೂವತ್ತೆಂಟನೇ ದಿನ ಮಧ್ಯಾಹ್ನ ಬೆಟ್ಟದ ಮೇಲಿಂದ ಕಪ್ಪು ಇಳಿದು ಬಂತು. ಮೊದಲು ಗಾಳಿ, ಧೂಳು, ಎಲೆ. ಆಮೇಲೆ ತಗಡಿನ ಮೇಲೆ ಕಲ್ಲು ಎಸೆದಂಥ ನಾಲ್ಕು ಹನಿ. ನಾನು ಅಂಗಡಿಗೆ ಬೀಗವನ್ನೂ ಹಾಕದೆ ಓಡಿದೆ. ನೆದ್ಯಾಲ್ಕಾ ಆಗಲೇ ಮೊದಲನೇ ಕಂಬದ ಹತ್ತಿರ ಇದ್ದಳು. ಕಪ್ಪು ವಸ್ತ್ರದ ಗಂಟು ಬಿಗಿದುಕೊಂಡಿತ್ತು. ಹಲ್ಲಿನಿಂದ ಎಳೆದು ಬಿಚ್ಚಿದಳು. ನಾನು ನೆರವಿಗೆ ಹೋದರೆ ಮೊಣಕೈಯಿಂದ ತಡೆದಳು.

ಬಟ್ಟೆ ಬಿತ್ತು. ಆ ನೀಲಿ ಮುಖವನ್ನು ಅವಳು ನೋಡಿದಳು. ಕಣ್ಣು ತಿರುಗಿಸಲಿಲ್ಲ.

ಮಳೆ ಜೋರಾಯಿತು. ಹಣೆಯ ಮೇಲೆ ಮೊದಲ ಹನಿ ಬಿದ್ದ ಕಡೆ ಬಿಳಿ ಚುಕ್ಕೆ. ಆಮೇಲೆ ಗೆರೆಗಳು. ನೀಲಿ ಬಣ್ಣ ಹಣೆಯಿಂದ ಕಣ್ಣಿಗೆ, ಕಣ್ಣಿನಿಂದ ಗಲ್ಲಕ್ಕೆ ಇಳಿಯಿತು. ಹೆಸರಿನ ಅಕ್ಷರಗಳನ್ನೂ ಜೊತೆಗೆ ಕರೆದುಕೊಂಡು ಕಂಬದ ಮೇಲಿಂದ ಜಾರಿತು. ನೆದ್ಯಾಲ್ಕಾ ಎರಡೂ ಅಂಗೈಗಳನ್ನು ಹಾಳೆಯ ಕೆಳಗೆ ಒಡ್ಡಿದಳು. ಬೊಗಸೆ ತುಂಬಿತು, ತುಂಬಿ ಚೆಲ್ಲಿತು, ಮತ್ತೆ ತುಂಬಿತು.

"ಅವತ್ತು ದಡದಲ್ಲಿ ಯಾರೂ ಇರ್ಲಿಲ್ಲ," ಎಂದಳು. ನನಗೆ ಹೇಳಿದ್ದಲ್ಲ. "ಹೋಗಪ್ಪ. ನಾನು ಇಲ್ಲೇ ನಿಂತಿದೀನಿ. ನೋಡ್ತಾ ಇದೀನಿ. ಹೋಗು."

ಹಾಳೆ ಬೆಳ್ಳಗಾದ ಮೇಲೆ ಎರಡನೇ ಕಂಬಕ್ಕೆ ಹೋದಳು. ಗಂಟು ಬಿಚ್ಚಿದಳು, ನಿಂತಳು. ಮೂರನೆಯದು. ನಾಲ್ಕನೆಯದು. ಪ್ರತಿಯೊಂದರ ಮುಂದೆ ಮುಖ ಪೂರ್ತಿ ಇಳಿಯುವವರೆಗೂ ಕದಲಲಿಲ್ಲ. ಎಲ್ಲಿಂದಲೋ ಗೀನಾ ಬಂದು ಸೇರಿಕೊಂಡಳು. ಅವಳ ಕೈಯಲ್ಲಿ ಛತ್ರಿ ಇತ್ತು, ಬಿಡಿಸಲಿಲ್ಲ. ಏಳನೆಯದರ ಹತ್ತಿರ ದೆನಾ ಬಂದು ನನ್ನ ಪಕ್ಕ ನಿಂತಳು. ಹನ್ನೊಂದನೆಯದು ಬೇಕರಿಯ ಬಾಗಿಲಿನದು. ಒಳಗಿನಿಂದ ಹೆಂಗಸರು ಹಿಟ್ಟಿನ ಕೈಯಲ್ಲೇ ಹೊರಗೆ ಬಂದು ಮಳೆಯಲ್ಲಿ ನಿಂತರು. ಆ ದಿನ ಊರಿನಲ್ಲಿ ಬ್ರೆಡ್ಡು ಸೀದಿತ್ತು. ಯಾರೂ ಗೊಣಗಲಿಲ್ಲ.

ಮುಂದಿನ ದಿನ ನಾನು ಮಾಡಿದ ಕೆಲಸದ ಬಗ್ಗೆ ಕೊಚ್ಚಿಕೊಳ್ಳುವಂಥದ್ದು ಏನೂ ಇಲ್ಲ. ಬೆಳಿಗ್ಗೆ ಆರಕ್ಕೆ ನೆದ್ಯಾಲ್ಕಾಳ ಮನೆಗೆ ಹೋಗಿ, ನಡುಮನೆಯಲ್ಲಿ ಮುಕ್ಕಾಲಿಯ ಮೇಲೆ ಕುಳಿತೆ. ಕೈಯಲ್ಲಿ ಒಂದು ತುಂಡು ಸೀಮೆಸುಣ್ಣ. ಬಿಸಿಲು ಕಿಟಕಿಯಿಂದ ಎಲ್ಲೆಲ್ಲಿಗೆ ಬೀಳುತ್ತದೆಯೋ ಅಲ್ಲಲ್ಲಿಗೆ ಗೆರೆ ಹಾಕುತ್ತ ಹೋದೆ. ಹತ್ತಕ್ಕೆ ಅದು ದೇವರ ಪಟದ ಕೆಳಗಿತ್ತು, ಮಧ್ಯಾಹ್ನಕ್ಕೆ ಮಂಚದ ಮೇಲೆ, ನಾಲ್ಕಕ್ಕೆ ಒಲೆಯ ಹಿಂದಿನ ಗೋಡೆಯ ಮೇಲೆ. ನೆದ್ಯಾಲ್ಕಾ ಮರುದಿನ, ನಲವತ್ತನೇ ದಿನಕ್ಕೆ, ಸತ್ತವನ ಹೆಸರಿನಲ್ಲಿ ಹಂಚುವ ಗೋಧಿ ಬೇಯಿಸುತ್ತಿದ್ದಳು. ಆಗಾಗ ಬಂದು ಗೆರೆಗಳನ್ನು ನೋಡಿ ಹೋಗುತ್ತಿದ್ದಳು. ಸಂಜೆ ಎಂಟರವರೆಗೆ ಬಿಸಿಲು ಮುಟ್ಟದೆ ಉಳಿದದ್ದು ಒಂದೇ ಜಾಗ: ಬಾಗಿಲ ಪಕ್ಕದ ಗೇಣು ಅಗಲದ ಗೋಡೆ. ಅಲ್ಲೊಂದು ಮೊಳೆ. ಮೊಳೆಗೆ ರಾಂಗೆಲನ ಕೋಟು ನೇತಾಡುತ್ತಿತ್ತು.

ನಾನು ತಂದಿದ್ದನ್ನು ಬಿಚ್ಚಿ ತೋರಿಸಿದೆ. ಹತ್ತಿಯ ದಪ್ಪ ಕಾಗದ, ಬಣ್ಣದ ಪುಡಿ ಬೆರೆಸಿದ ಶಾಯಿ. ಹೊಳಪಿಲ್ಲ. ಕೆಂಪಿನಲ್ಲಿ ಆ ಮೊದಲಿನ ಉರಿ ಇಲ್ಲ.

"ಇದರಲ್ಲಿ ಕೆನ್ನೆ ಅಷ್ಟು ಕೆಂಪಾಗಿ ಬರಲ್ಲ," ಎಂದೆ. "ಇದ್ದದ್ದಷ್ಟೇ ಬರೋದು. ಆದ್ರೆ ನಿಲ್ಲುತ್ತೆ. ನೀವಿರೋವರ್ಗೂ ನಿಲ್ಲುತ್ತೆ."

ಅವಳು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು.

"ಅವನ ಕೆನ್ನೆ ಅಷ್ಟು ಕೆಂಪಿರ್ಲಿಲ್ಲ ಮೇಸ್ತ್ರಿ. ಅವತ್ತು ನೀವು ಜಾಸ್ತಿ ಹಾಕಿದ್ರಿ. ನಂಗೆ ಅವತ್ತೇ ಗೊತ್ತಾಗಿತ್ತು." ಬೆರಳಿನಿಂದ ಅಂಚನ್ನು ಸವರಿದಳು. "ಇದು ಅವನೇ."

ಆಮೇಲೆ ಗೋಡೆಯ ಹತ್ತಿರ ಹೋಗಿ ಕೋಟನ್ನು ಇಳಿಸಿದಳು. ಅದರ ಕಾಲರಿನಲ್ಲಿ ಒಮ್ಮೆ ಮುಖ ಇಟ್ಟು ತೆಗೆದು, ಧೂಳು ಕೊಡವಿ, ನನ್ನ ಕಡೆ ಚಾಚಿದಳು. ನಮ್ಮಲ್ಲಿ ನಲವತ್ತನೇ ದಿನದೊಳಗೆ ಸತ್ತವನ ಬಟ್ಟೆ ಯಾರಿಗಾದರೂ ಹೋಗಬೇಕು.

"ದೇವರು ಅವನನ್ನ ಕ್ಷಮಿಸ್ಲಿ," ಎಂದು ಇಂಥ ಹೊತ್ತಿನ ರೂಢಿಯ ಮಾತು ಹೇಳಿ ಇಸಿದುಕೊಂಡೆ.

"ಹಾಕ್ಕೊಳ್ಳಿ. ನೋಡ್ತೀನಿ."

ಹಾಕಿಕೊಂಡೆ. ಈ ಜಿಲ್ಲೆಯಲ್ಲಿ ನನ್ನಷ್ಟು ಅಗಲವಾದ ಭುಜ ಇನ್ನೊಬ್ಬನಿಗಿಲ್ಲ ಎಂದು ನಾನು ಮೂವತ್ತು ವರ್ಷದಿಂದ ಹೇಳುತ್ತ ಬಂದಿದ್ದೇನೆ. ಕೋಟು ನನಗೆ ದೊಡ್ಡದಾಗಿತ್ತು. ತೋಳು ಬೆರಳಿನ ತುದಿಯವರೆಗೆ ಇಳಿದಿತ್ತು. ನೆದ್ಯಾಲ್ಕಾ ಮುಂದೆ ಬಂದು ಎರಡೂ ತೋಳುಗಳನ್ನು ಎರಡೆರಡು ಮಡಿಕೆ ಮಡಿಸಿದಳು.

ಮರುದಿನ ಬೆಳಿಗ್ಗೆ ಆ ಕೋಟು ತೊಟ್ಟುಕೊಂಡೇ, ಜುಲೈ ಸೆಕೆಯಲ್ಲಿ, ಒಂದು ಡಬ್ಬಿ ಗೋಂದು ಮತ್ತು ಅರವತ್ತು ಸಾದಾ ಹಾಳೆ ಹಿಡಿದು ಹೊರಟೆ. ಕಪ್ಪು ಶಾಯಿ, ಕಪ್ಪು ಅಂಚು. ಬೆಳ್ಳಗಾದ ಒಂದೊಂದು ಹಾಳೆಯ ಮೇಲೂ ಒಂದೊಂದು ಅಂಟಿಸಿದೆ. ಯಾವುದಕ್ಕೂ ಪ್ಲಾಸ್ಟಿಕ್ ಹಾಕಲಿಲ್ಲ. ಹನ್ನೊಂದನೆಯದನ್ನು ಅಂಟಿಸುತ್ತಿದ್ದಾಗ ನೆದ್ಯಾಲ್ಕಾ ಕೆಲಸಕ್ಕೆಂದು ಆ ದಾರಿಯಲ್ಲೇ ನಡೆದು ಬಂದಳು. ಒಂದು ಗಳಿಗೆ ನಿಂತು ಹೆಸರನ್ನು ಓದಿ, ನನ್ನ ಕೈಗೆ ಸಕ್ಕರೆ ಬೆರೆಸಿದ ಗೋಧಿಯ ಪೊಟ್ಟಣ ಕೊಟ್ಟು, ಬೇಕರಿಯ ಬಾಗಿಲು ನೂಕಿ ಒಳಗೆ ಹೋದಳು.